ಕಾರಣದ ಖಾನೆ

ಪುಣೆಯಲ್ಲಿ ನಾನಿರುವ ಜಾಗದ ಹೆಸರು ಪಾಷಾಣ.
ನಮ್ಮ ಇಂಡಿ ಕಡೆ ಅದನ್ನು ಇಲಿಗೆ ಇಡುತ್ತಾರೆ.
ಇಪ್ಪತ್ತೆರಡು ವರ್ಷ ಇಲ್ಲೇ ಗಾಜು ತಿಕ್ಕಿದ್ದೇನೆ,
ಹೆಸರು ಚಂಪಾವತಿ ಹೂಗಾರ,
ಕಾರ್ಡಿನ ಬಣ್ಣ ನೀಲಿ.
ನೀಲಿ ಇದ್ದರೆ ಒಳಬಾಗಿಲು ಬಾಯಿ ಬಿಡುತ್ತದೆ.

ಒಳಗೇನು ತಿಕ್ಕುತ್ತೇನೆ, ಕೇಳಬೇಡಿ.
ದೂರದ್ದನ್ನು ಹತ್ತಿರ ತರುವ ಗಾಜು, ಅಷ್ಟೇ ಅನ್ನಿ.
ಕೂದಲನ್ನು ಸಾವಿರ ಸೀಳಾಗಿ ಸೀಳಿ
ಅದರಲ್ಲೊಂದು ಸೀಳಿನಷ್ಟು ಉಬ್ಬು ಉಳಿದಿದ್ದರೂ
ಹಸಿರು ದೀಪದಡಿ ಪಟ್ಟೆ ಬಾಗುತ್ತದೆ,
ನನ್ನ ಕಣ್ಣಿಗೆ ಸಿಗುತ್ತದೆ.

ಅಂಥ ಕಣ್ಣಿಗೆ
ಕಪಾಟಿನ ಮೇಲಿದ್ದ ಮೂರು ಲಕೋಟೆ ಕಾಣಲಿಲ್ಲ.
ಕಾಣಲಿಲ್ಲ ಅಂದರೆ ಸುಳ್ಳು.
ಅವುಗಳ ಮೇಲೆ ಶೇಂಗಾ ಹಿಂಡಿಯ ಡಬ್ಬಿ ಇಟ್ಟಿದ್ದೆ.

ಚಿಗವ್ವ ನನ್ನ ಹೆಸರಿಗೆ ಬರೆದ ಪಿಂಪ್ರಿಯ ಖೋಲಿ,
ತಿಂಗಳಿಗೆ ಆರೂವರೆ ಸಾವಿರ ಬಾಡಿಗೆ.
ಪಗಾರದ ತೆರಿಗೆ ಆಫೀಸಿನವರೇ ಮುರಿದುಕೊಳ್ಳುತ್ತಾರೆ,
ಬಾಡಿಗೆಯದನ್ನು ನಾನೇ ಬಾಯಿಬಿಟ್ಟು ಹೇಳಬೇಕಿತ್ತು.
ಮೂರು ಜುಲೈ ಬಂದವು, ಮೂರೂ ಹೋದವು.
ಕೊನೆಯ ರಾತ್ರಿ ಪ್ರತಿ ಸಲ
ನಾಳೆ ಅಂದೆ,
ನಾಳೆ ಆಗಸ್ಟ್ ಆಗಿತ್ತು.

ಐದು ವರ್ಷಕ್ಕೊಮ್ಮೆ ಕಾರ್ಡಿಗೆ ಮರುಪರೀಕ್ಷೆ.
ಎದುರುಮನೆಯ ಬಾಗವಾನ ಚಾಚಿಯನ್ನು ಕೇಳಿಹೋದರಂತೆ:
ಯಾರು ಬರುತ್ತಾರೆ, ಯಾರು ಹೋಗುತ್ತಾರೆ,
ಫೋನಿನಲ್ಲಿ ಯಾವ ಭಾಷೆ?
ಚಾಚಿ ಹೇಳಿದ್ದು ಇಷ್ಟು:
ಹಾಲಿನ ಬಾಕಿ ಒಂದನೇ ತಾರೀಖಿಗೆ ಚುಕ್ತಾ,
ಎರವಲು ಒಯ್ದ ಬೆಲ್ಲ ಸಂಜೆಯೊಳಗೆ ವಾಪಸ್,
ಅದೂ ತುಸು ಹೆಚ್ಚೇ.

ಟಿಕೇಕರ್ ಸಾಹೇಬರ ಮೇಜಿನ ಮೇಲೆ
ಬೆಲ್ಲಕ್ಕೆ ಜಾಗವಿರಲಿಲ್ಲ.
"ಮೂವತ್ನಾಲ್ಕು ಸಾವಿರ ಚಿಲ್ಲರೆ, ಬಾಯಿ."
ಕಟ್ಟಿದ್ದೇನ್ರೀ, ಬಡ್ಡಿ ಸಮೇತ, ದಂಡ ಸಮೇತ,
ರಸೀದಿ ಇಲ್ಲದ ನೋಡ್ರಿ.
"ಯಾವಾಗ ಕಟ್ಟಿದಿರಿ?"
ನೀವು ಕರೆದ ಮೇಲೆ.
"ಅದೇ," ಅಂದರು. ಜೋರಾಗಿ ಅಲ್ಲ.
"ಬಾಕಿ ಸಣ್ಣದು. ಬಚ್ಚಿಟ್ಟದ್ದು ಸಣ್ಣದಲ್ಲ.
ನಮಗಿಂತ ಮೊದಲು ಬೇರೆ ಯಾರಾದರೂ
ಆ ಡಬ್ಬಿ ಎತ್ತಿ ನೋಡಿದ್ದರೆ?"

ನಗು ಬಂತು. ನನ್ನನ್ನು ಕೊಳ್ಳಲು ಯಾರು ಬರುತ್ತಾರೆ,
ಈ ಕ್ಯಾಂಟೀನಿನಲ್ಲಿ
ಒಬ್ಬರ ಚಹಾ ಇನ್ನೊಬ್ಬರು ಕೊಳ್ಳುವುದಿಲ್ಲ.
ಆಮೇಲೆ ನಗು ನಿಂತಿತು.
ನಿಂತದ್ದು ಅವರಿಗೂ ಕಂಡಿತು.

"ಕಾರಣ?"
ಫಾರಮಿನಲ್ಲಿ ಖಾನೆಗಳಿದ್ದವು:
ಕಾಯಿಲೆ. ಜೂಜು. ಕುಡಿತ. ಮನೆಯಲ್ಲಿ ಸಾವು.
ಒಂದಕ್ಕೆ ಗುರುತು ಹಾಕಿದ್ದರೆ ಅವರಿಗೂ ಹಗುರ.
ಸತ್ತವರು ನನಗೂ ಇದ್ದಾರೆ;
ಲೆಕ್ಕಕ್ಕೆ ಅವರನ್ನು ಎಳೆಯಲು ಮನಸ್ಸಾಗಲಿಲ್ಲ.
ಸುಮ್ಮನರೀ, ಅಂದೆ.
ತಿಳಿಯಲಿಲ್ಲ ಅವರಿಗೆ. ಮರಾಠಿಯಲ್ಲಿ ಹುಡುಕಿದೆ:
ಉಗೀಚ್.
ಅವರು ಪೆನ್ನು ಕೆಳಗಿಟ್ಟರು.
ಕುಡುಕರನ್ನು ಕಂಡಿದ್ದಾರೆ, ಸಾಲಗಾರರನ್ನು ಕಂಡಿದ್ದಾರೆ,
ಸುಮ್ಮನೆ ಇದ್ದವಳನ್ನು ಏನು ಮಾಡುವುದು
ಕೈಪಿಡಿಯಲ್ಲಿ ಇರಲಿಲ್ಲ.

ಈಗ ಕಾರ್ಡು ಹಳದಿ. "ಮುಂದಿನ ಆದೇಶದವರೆಗೆ."
ಹೊರಗಿನ ಮೇಜಿನಲ್ಲಿ ಕೂತು
ಕಾಲೇಜು ಹುಡುಗರ ಪಟ್ಟಕಗಳನ್ನು ಒರೆಸುತ್ತೇನೆ.
ಪಗಾರ ಅಷ್ಟೇ. ಊಟದ ಗಂಟೆ ಅದೇ.
ಈ ಜುಲೈಯದನ್ನು ಏಪ್ರಿಲ್‌ನಲ್ಲೇ ತುಂಬಲು ಹೋಗಿದ್ದೆ,
ಇನ್ನೂ ಫಾರಂ ತೆರೆದಿಲ್ಲ ಬಾಯಿ, ಅಂದ ಲೆಕ್ಕದ ಹುಡುಗ.

ಒಳಗೆ ನನ್ನ ಯಂತ್ರದ ಮುಂದೆ ಹೊಸ ಹುಡುಗಿ, ರೇಣುಕಾ ಶೆಲಾರ್.
ಒಳ್ಳೆಯ ಕೈ, ಅವಸರದ ಕೈ.
ನಿನ್ನೆ ಮಧ್ಯಾಹ್ನ ಗೋಡೆಯಾಚೆ
ತಿರುಗಾಟದ ದನಿ ಒಂಚೂರು ಕೀರಲಾಯಿತು.
ರಾಳ ಒಣಗುತ್ತಿದೆ. ಇನ್ನು ನಾಲ್ಕು ಸುತ್ತು,
ಆಮೇಲೆ ಗೀರು, ಆಮೇಲೆ
ಆರು ವಾರದ ಗಾಜು ಕಸದ ಬುಟ್ಟಿಗೆ.
ಬಾಗಿಲಿಗೆ ಹಳದಿ ಕಾರ್ಡು ಹಿಡಿದೆ, ಅದು ಬಾಯಿ ಬಿಡಲಿಲ್ಲ.
ಬಡಿಯುವುದು ನಿಯಮಕ್ಕೆ ವಿರುದ್ಧ.
ಬಡಿದೆ.
ನೀರು ಹಾಕವ್ವಾ, ನೀರು ಹಾಕು,
ಕನ್ನಡ ಬಾರದ ಹುಡುಗಿಗೆ ಕನ್ನಡದಲ್ಲೇ ಕೂಗಿದೆ.