ಮುಚ್ಚಳದಾಗ ಬೆಳಕಿರಬೇಕು

ಭಿಶಿ ಎತ್ತಿದ್ದು ಹನ್ನೊಂದು ಸಾವಿರ.
ಬಸ್ಸಿಗೆ ಖರ್ಚಿಲ್ಲ, ಆಧಾರ್ ಕಾರ್ಡು ಸಾಕು.
ಉಡ್ಯಾಗ ಚಕ್ಕಲಿ ಡಬ್ಬಿ, ಡಬ್ಬ್ಯಾಗ ಮೂರು ನೆಗೆಟಿವ್
ಬಟರ್ ಪೇಪರಿನಾಗ ಸುತ್ತಿದ್ದು.
ಅಣ್ಣಿಗೇರಿ ದಾಟೋತನಕ
ಎಷ್ಟು ಸಲ ಮುಚ್ಚಳ ತಗದು ನೋಡಿದ್ನೋ.

ಕೊಪ್ಪಿಕರ್ ರಸ್ತೆಯ ಹುಡುಗ ಮೊದಲ ತೋರಿಸಿದ್ದು
ಪ್ರಿಂಟು, ಝೆರಾಕ್ಸು, ಸ್ಕ್ಯಾನು, ಮೂರೂ ಮಾಡೋ ಮಷೀನು. ಆರೂವರಿ.
ನೆಗೆಟಿವ್ ಇಟ್ಟು ಒತ್ತಿದ.
ಬಂತು ಒಂದು ಕರೇ ಚೌಕ,
ಹಂಚಿನ ಮ್ಯಾಲೆ ಮರತ ರೊಟ್ಟಿಯಂಗ.
ಫೋಟೋಕ್ಕ ಬೆಳಕು ಮಾರಿಗೆ ಬಿದ್ದರ ಸಾಕಪಾ,
ನೆಗೆಟಿವಿಗೆ ಬೆನ್ನಿಗೆ ಬೀಳಬೇಕು.
ಮುಚ್ಚಳದಾಗ ದೀಪ ಇರೋದು ತಗಿ ಅಂದೆ.
ಹುಡುಗ ನನ್ನ ಸೀರಿ ನೋಡಿದ, ಕೈ ನೋಡಿದ,
ಸಣ್ಣದೊಂದು ಪೆಟ್ಟಿಗಿ ಮುಂದಿಟ್ಟ. ಅಗ್ಗ. ಆದರ ಅದರ ಬಾಯಿಗೆ
ಮೂವತ್ತೈದರ ರೀಲಷ್ಟ ಹಿಡಸತೈತಿ.
ನಮ್ಮವು ನೂರಾ ಇಪ್ಪತ್ತರವು, ಹೋಳಿಗಿ ಚೂರಿನಷ್ಟು ಅಗಲ.
ಕಡೀಕ ಅಟ್ಟದಿಂದ ದೊಡ್ಡದು ಇಳಿಸಿದ.
ಇಪ್ಪತ್ತೊಂಬತ್ತು ಸಾವಿರ. ನೋಡಲಿಕ್ಕೆ ರೊಕ್ಕ ಇಲ್ಲಲ್ಲ,
ನೋಡೋಣು ಅಂದೆ.

ಬೆಟಗೇರಿಯಾಗ ನಮ್ಮನಿಯವರದು ಸ್ಟುಡಿಯೋ ಇತ್ತು.
ಬೋರ್ಡಿನ ಮ್ಯಾಲೆ ಒಂದ ಹೆಸರು, ದೇವೇಂದ್ರಸಾ ಮೇರವಾಡೆ.
ಅವರು ಕ್ಯಾಮೆರಾದ ಹಿಂದ.
ನಾನು ಅಡಿಗಿಮನಿ ಕಿಟಕಿಯ ಮುಂದ
ಸೂಜಿಯಂಥ ಪೆನ್ಸಿಲ್ ಹಿಡದು, ಉಸಿರು ಕಟ್ಟಿ
ಮಂದಿ ಮಾರಿ ತಿದ್ದತಿದ್ದೆ.
ಮೈಲಿ ಕುಣಿ, ಕಣ್ಣಿನ ಕೆಳಗಿನ ಕಪ್ಪು,
ಗಂಡಿನ ಕಡಿಯವರಿಗೆ ಕಾಣಬಾರದ್ದು ಎಲ್ಲಾ.
ಮಾರಿಗೆ ಎಂಟಾಣೆ ಹೆಚ್ಚಿಗಿ ತಗೋತಿದ್ರು ಅವರು.
ನನಗ ಕೊಡಲಿಲ್ಲ. ನಾನೂ ಕೇಳಲಿಲ್ಲ.

ನೆಗೆಟಿವಿನಾಗ ಎಲ್ಲಾ ಮದುಮಕ್ಕಳ ಕೂದಲೂ ಬೆಳ್ಳಗ,
ಹಲ್ಲು ಕರ್ರಗ.
ಈಗ ಸಂತ್ಯಾಗ ಸಿಗತಾರ ಅವರು, ಎಲಿ ಅಡಕಿ ಬಾಯಿ, ನರತ ತುರುಬು.
ಪ್ರಿಂಟು ಸುಳ್ಳಾತು,
ನೆಗೆಟಿವ್ ಖರೇ ಆತು.

ದೊಡ್ಡದರಾಗ ನೀಲಗಂಗವ್ವನ್ನ ಮಲಗಿಸಿದ ಹುಡುಗ.
ಪರದೆ ಮ್ಯಾಲೆ ಆಕಿ ಗಲ್ಲ ಅಂಗಳದಷ್ಟಾತು.
ಅದರ ತುಂಬ ನನ್ನ ಗೆರಿ,
ಕೌದಿ ಹೊಲಿಗಿಯಂಗ, ಒಂದರ ಬಾಜೂಕ ಒಂದು.
ಇಷ್ಟು ಹತ್ತಿರದಿಂದ ಯಾರೂ ನೋಡಿದ್ದಿಲ್ಲ ಅದನ್ನ.
ನಾನೂ ನೋಡಿದ್ದಿಲ್ಲ.
ಕಸ ಭಾಳ ಐತ್ರಿ ಅಮ್ಮಾರ, ತಡೀರಿ,
ಇದಕ್ಕೊಂದು ಗುಂಡಿ ಐತಿ, ಒತ್ತಿದರ ಹೋಗತೈತಿ ಅಂದ.
ಅಂವನ ಕೈ ಹಿಡದೆ.

ಆಕಿ ಮಗಳು ಪಾರವ್ವ ಹೋದ ವಾರ ಹೊಂಬಳದಿಂದ ಬಂದಿದ್ಳು.
ಗ್ವಾಡಿ ಮ್ಯಾಲಿನ ಫೋಟೋ ನಮ್ಮವ್ವಂದು ಅನಸೂದುಲ್ಲ ಬಾಯಿ,
ಮುದ್ದು ಕೊಡೋಮುಂದ ನನ್ನ ಮೂಗಿಗೆ ತಾಗತಿತ್ತು ಒಂದು ಕುಣಿ,
ಎಲ್ಲಿ ಹೋತು ಅದು?
ಚಹಾ ಕುಡೀತಿಯೇನ ಅಂತ ಕೇಳಿದೆ ಆಕಿಗೆ.
ಬ್ಯಾರೆ ಮಾತು ಬರಲಿಲ್ಲ.

ಕಡೀಕ ಸಿಕ್ಕಿದ್ದು ದುರ್ಗದಬೈಲಿನ ಹಿಂದ
ಬಾಗಿಲಾ ಮುಚ್ಚಲಿಕ್ಕೆ ಹತ್ತಿದ ಟೈಪಿಂಗ್ ಅಂಗಡಿಯಾಗ. ಹಳೇದು.
ಎಂಟೂವರಿ ಅಂದ, ಏಳಕ್ಕ ಕೊಟ್ಟ.
ಗಾಜಿನ ಅಂಚಿಗೆ ಗೀರು. ವೈರು ಬ್ಯಾರೆ ತಗೋಬೇಕು.
ಒಂದು ನೆಗೆಟಿವಿಗೆ ಆರು ನಿಮಿಷ,
ಕಸ ತಗಿಯೋ ಗುಂಡಿ ಇಲ್ಲ ಅಂತ ತಾನ ಹೇಳಿದ, ನಾಚಿಕೋತ.
ಮುಚ್ಚಳ ಎತ್ತಿದ. ಒಳಗೊಂದು ಬಿಳೇ ಪಟ್ಟಿ
ಮಿಣುಕಿ, ನಿಂತಿತು.
ನಮ್ಮ ಕಿಟಕಿಯಷ್ಟು ಅಗಲಿಲ್ಲ.
ಆದರ ರಾತ್ರಿನೂ ಇರತೈತಿ.

ಮನಿಗೆ ಬಂದು, ಉಂಡು, ಮೊದಲ ಒಂದು ಸಲ
ಹೆಂಗೈತೋ ಹಂಗ ತಗದೆ, ಗೆರಿ ಸಮೇತ. ಅದು ನನಗ.
ಆಮ್ಯಾಲೆ ಅರಳಿಗೆ ಟರ್ಪೆಂಟೈನ್ ಹಚ್ಚಿ ಒರಿಸಿದೆ,
ಕೂಸಿನ ಮಾರಿ ಒರಿಸಿದಂಗ.
ಮೂರು ಸಂಜಿ ಕುಂತು ಮಾಡಿದ ಕೆಲಸ
ಅರಳಿ ತುದಿಗೆ ಬೂದಿ ಬಣ್ಣದ ಒಂದು ಚುಕ್ಕಿ.

ಮುಚ್ಚಳ ಹಾಕಿದೆ.
ಗೊರ್ ಅಂತ ಸಪ್ಪಳಾ ಮಾಡಕೋತ
ಬೆಳಕು ಸರೀಲಿಕ್ಕೆ ಹತ್ತಿತು,
ತುರುಬು, ಹಣಿ, ಮೂಗಬಟ್ಟು,
ಎಡಗಲ್ಲ.