ಬುಡ ಬಂದಿಲ್ಲ

ನವನಗರದ ಲ್ಯಾಬಿಗೆ ಇವತ್ತು ಎರಡು ಡಬ್ಬಿ.
ಎರಡರ ಮ್ಯಾಲೂ ಒಂದ ಬರಹ: ಬಾಯಾಗ ನರಹುಲಿ.
ಹೆಸರಿನ್ಯಾಗ ಎರಡಕ್ಕೂ ಹುಲಿ ಐತಿ.
ಖರೇ ಹುಲಿ ಯಾವುದು ಅನ್ನೂದು
ಮ್ಯಾಣದಾಗ ಕೂಡಿಸಿ ಕೊಯ್ದಮ್ಯಾಲಿನ ಮಾತು.

ಕೊಯ್ಯಾಕಿ ನಾನು. ಇಪ್ಪತ್ತೆರಡು ವರ್ಷ ಆತು.
ಕೂದಲಿಗಿಂತ ತೆಳ್ಳಗ ಹೆರೆದು
ಬೆಚ್ಚನ ನೀರಿನ ಮ್ಯಾಲ ತೇಲಿಬಿಟ್ಟು
ಗಾಜಿನ ಮ್ಯಾಲ ಎತ್ತಿಕೊಳ್ಳೂದು.
ಹೆಸರಿಡೂದು ಡಾಕ್ಟರ ಕೆಲಸ.
ಆದರ ಕಣ್ಣು ನನಗೂ ಅದಾವು.

ಮೊದಲನೇದು ದಾವಲ್‌ಸಾಬ್, ಹನ್ನೊಂದು ವರ್ಷ, ಇಳಕಲ್ಲು.
ಕಿರುನಾಲಿಗಿ ಬಾಜೂಕ ಬೆಳೆದಿತ್ತಂತ,
ಜ್ವಾಳದ ಕಾಳಿನಷ್ಟು.
ತೊಟ್ಟು ಐತಿ ಇದಕ್ಕ.
ಸಣ್ಣಸಣ್ಣ ಬೆರಳು, ಒಂದೊಂದು ಬೆರಳಿನ ನಡುವ
ನೆತ್ತರಿನ ಒಂದೊಂದು ಎಳಿ,
ಬಾರಿಹಣ್ಣು ಹರಿದಂಗ ಬುಡಸಮೇತ ಬಂದೈತಿ.
ಇದು ಅಲಾಯಿ ಹಬ್ಬದ ಹುಲಿ,
ಮೈತುಂಬ ಪಟ್ಟಿ ಬರಕೊಂಡ ಹುಡುಗ.

ಎರಡನೇದು ಬಾಳವ್ವ ಜವಳಿ, ಅರವತ್ತೊಂದು, ಗುಳೇದಗುಡ್ಡ.
ಎಡಗಲ್ಲದ ಸಂದಿ.
ಮಗ್ಗದ ಮುಂದ ಕುಂತಾಗಿಂದ
ತಂಬಾಕು ಸುಣ್ಣ ತಿಕ್ಕಿ ಇಟ್ಟುಕೊಂಡ ಜಾಗ.
ಬೆಳ್ಳಗ, ತರಿತರಿ, ಅಗಲ. ತೊಟ್ಟಿಲ್ಲ.
ಗಾಜಿನ್ಯಾಗ ನೋಡಿದರ ಎಲ್ಲಾರೂ ಸಭ್ಯಸ್ಥರು,
ಸಾಲು ತಪ್ಪಿಲ್ಲ, ಮಾರಿ ಕೆಟ್ಟಿಲ್ಲ.
ಎಷ್ಟು ನೆಟ್ಟಗ ನಿಂತಾರಂದರ
ನನ್ನೆದಿ ಝಲ್ಲಂತು.

ಹಳೇ ಬಾಗಲಕೋಟಿಗೆ ನೀರು ಬಂದದ್ದೂ ಹಿಂಗ.
ನುಗ್ಗಲಿಲ್ಲ, ಗ್ವಾಡಿ ಒಡೀಲಿಲ್ಲ.
ಹಿನ್ನೀರು.
ಇಡೀ ದಂಡಿ ಒಮ್ಮೆಲೆ
ಒಂದು ಗೇಣು ಮುಂದ ಸರೀತಿತ್ತು, ಅಷ್ಟ.
ನಮ್ಮವ್ವ ಹಿತ್ತಲ ಕಲ್ಲಿಗೆ ಸುಣ್ಣದ ಗುರುತು ಹಚ್ಚತಿದ್ದಳು,
ಮುಂಜಾನೆದ್ದರ ಗುರುತಿಲ್ಲ.
ನೀರು ಮಾತ್ರ ತಿಳಿ,
ಬಗ್ಗಿದರ ಮಾರಿ ಕಾಣುವಷ್ಟು ತಿಳಿ.

ಡಾಕ್ಟರು ಬಾಳ ಹೊತ್ತು ನೋಡಿ, ಚೀಟಿ ಬರೆದರು:
ಮೇಲಿನ ಸಿಪ್ಪೆಯಷ್ಟೇ ಬಂದಿದೆ. ಬುಡ ಬಂದಿಲ್ಲ.
ಅಂಚಿನಿಂದ, ಆಳವಾಗಿ, ಮತ್ತೆ ತೆಗೆದು ಕಳಿಸಿ.

ಬಾಳವ್ವ ಹೊರಗ ಬಾಕಿನ ಮ್ಯಾಲ ಕುಂತಾಳ,
ಸೆರಗಿನ ಅಂಚು ಬೆರಳಿಗೆ ಸುತ್ತತಾಳ, ಬಿಚ್ಚತಾಳ.
"ಚಲೋದ ಬಂದೈತಿಲ್ಲ ಯವ್ವಾ?"
ಚೀಟಿ ಮಡಚಿ ಕೊಟ್ಟೆ.
ಇನ್ನೊಮ್ಮೆ ಕೊಯ್ಯಬೇಕಂತ ಅಂದೆ.
ಸುಮ್ಮನಿದ್ದಳು.
ಆಮ್ಯಾಲ, "ಖರೇ ಐತಿ ಬಿಡು,
ಖಣ ತಗೊಳ್ಳಾವರೂ ತಿರುವಿ
ಒಳಮಗ್ಗಲ ನೋಡತಾರ."

ಸಂಜಿಮುಂದ ಬ್ಲೇಡು ಒರಸೂಮುಂದ ಗೊತ್ತಾತು,
ನನ್ನ ನಾಲಿಗಿ ಆಗಿಂದ
ಎಡಗಲ್ಲದ ಸಂದ್ಯಾಗ ಏನೋ ಹುಡುಕ್ಯಾಡತಿತ್ತು.