ಬೆಚ್ಚಗಿರುವಾಗಲೇ ತನ್ನಿ

ಹಾಸನದ ದೊಡ್ಡಾಸ್ಪತ್ರೆ, ಹದಿನಾಲ್ಕನೇ ಕಿಟಕಿ.
ಡಬ್ಬಿ ಕೊಡುವಾಗ ಎಲ್ಲರಿಗೂ ಹೇಳುತ್ತೇನೆ:
ಬೆಚ್ಚಗಿರುವಾಗಲೇ ತನ್ನಿ.
ಜನ ಮುಖ ತಿರುಗಿಸುತ್ತಾರೆ. ಸೆರಗಿನಲ್ಲಿ ಮುಚ್ಚಿ,
ಹಳೇ ಪೇಪರಿನಲ್ಲಿ ಸುತ್ತಿ ತರುತ್ತಾರೆ;
ಒಬ್ಬಾತ ಟಿಫನ್ ಕ್ಯಾರಿಯರಿನಲ್ಲಿ ತಂದಿದ್ದ.

ಜವರಮ್ಮ ಮಾತ್ರ ಅಂಗೈ ಮೇಲಿಟ್ಟುಕೊಂಡು ಬಂದಳು,
ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ.

ಚೀಟಿಯಲ್ಲಿ: ವಯಸ್ಸು ಐವತ್ತಾರು.
ಮೈತುಂಬ ನೀರ್ಗುಳ್ಳೆ ಎದ್ದಿದ್ದಕ್ಕೆ
ಐದು ತಿಂಗಳಿಂದ ಸ್ಟೀರಾಯ್ಡ್ ಮಾತ್ರೆ.
ಗುಳ್ಳೆ ಒಣಗಿತು. ಮುಖ ಹುಣ್ಣಿಮೆಯಾಯಿತು.
ಆಮೇಲೆ ಹೊಟ್ಟೆಯುರಿ, ಭೇದಿ, ಕೆಮ್ಮು,
ಸೊಂಟದ ಸುತ್ತ ಒಂದು ಕೆಂಪು ಗೆರೆ;
ಬೆಳಿಗ್ಗೆ ಇಲ್ಲಿದ್ದದ್ದು ಮಧ್ಯಾಹ್ನಕ್ಕೆ ಗೇಣು ಆಚೆ.
ಯಾರೋ ಅಲರ್ಜಿ ಎಂದು ಬರೆದಿದ್ದರು.
"ಹರಿದಾಡ್ತದೆ ಕಣವ್ವ" ಅಂದರೆ ನಕ್ಕಿದ್ದರಂತೆ.

ಗಾಜಿನ ಮೇಲೊಂದು ಹನಿ ಉಪ್ಪುನೀರು,
ಕಡ್ಡಿ ತುದಿಯಷ್ಟು ಅವಳದು.
ಮಸೂರದಲ್ಲಿ ಮೊದಲು ಏನೂ ಇಲ್ಲ,
ರಾಗಿ ಹೊಟ್ಟು, ಸೊಪ್ಪಿನ ನಾರು.
ಆಮೇಲೆ ನಾರೊಂದು ಅಲುಗಿತು.
ಇನ್ನೊಂದು.
ಸ್ವಲ್ಪ ಹೊತ್ತಿಗೆ ಎಣಿಸುವುದು ಬಿಟ್ಟೆ.

ಬರಿಗಾಲಲ್ಲಿ ಕೆಲಸ ಮಾಡಿದ್ದುಂಟಾ? ಕೇಳಿದೆ.
ಅದೂ ಒಂದು ಪ್ರಶ್ನೆಯಾ ಅನ್ನುವಂತೆ ನೋಡಿದಳು.
ಹನ್ನೆರಡನೇ ವಯಸ್ಸಿಗೆ ಸಕಲೇಶಪುರದಾಚೆ
ಕಾಫಿ ತೋಟದ ಕೂಲಿ ಲೈನು. ಎಂಟು ಮನೆಗೆ
ಹೊರಕಡೆಗೆಂದು ಒಂದೇ ಪೊದೆಸಾಲು.
ಚಪ್ಪಲಿ ಬಂದದ್ದು ಮದುವೆಗೆ,
ಅದೂ ಗಂಡಿಗೆ.
ಬೆರಳ ಸಂದಿಯ ನವೆಗೆ ಸೀಮೆಎಣ್ಣೆ ಹಚ್ಚಿ ಮಲಗುತ್ತಿದ್ದರು.

ಅಲ್ಲಿಂದ ಹತ್ತಿದ್ದು. ನಲವತ್ತು ವರ್ಷ
ಒಳಗೇ ಹೆತ್ತು, ಮತ್ತೆ ಒಳಗೇ ಹೊಕ್ಕು,
ಮೈಯ ಕಾವಲುಗಾರ ಎಚ್ಚರವಿರುವ ತನಕ
ಬಾಡಿಗೆ ಬಾಕಿಯವರ ಹಾಗೆ ಸದ್ದಿಲ್ಲದೆ ಬದುಕಿತ್ತು.
ನಾವೇ ಅವನನ್ನು ಮಲಗಿಸಿದೆವು.
ಗುಳ್ಳೆಗೆ ಅದು ಬೇಕಿತ್ತು, ಸುಳ್ಳಲ್ಲ.

"ಆ ಲೈನು ಈಗಿಲ್ಲ," ಅಂದಳು. "ಒಡೆದಾಕಿ
ಪ್ಯಾಟೆಯೋರಿಗೆ ಈಜುಕೊಳ ಕಟ್ಟವ್ರೆ."

ನಿಯಮದಲ್ಲಿಲ್ಲ, ಆದರೂ ತೋರಿಸಿದೆ.
ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದಳು.
ಹೇಸಲಿಲ್ಲ.
"ಇವು ನನ್ನೊಳಗೇ ಹುಟ್ಟಿದವಾ?"
ಹೌದು.
"ಇವುಗಳ ಅವ್ವ?"
ಅದೂ.
"ಅಂಗಾದ್ರೆ ಪಾಪ, ಇವು
ಮಣ್ಣನ್ನೇ ಕಂಡಿಲ್ಲ ಅನ್ನು."

ವರದಿಯ ಕೆಳಗೆ ಕೆಂಪು ಗೆರೆ ಎಳೆದು
ವಾರ್ಡಿಗೆ ನಾನೇ ಓಡಿದೆ: ತೂಕ ನೋಡಿ ಮಾತ್ರೆ, ಇವತ್ತೇ.
ತಿರುಗಿ ಬಂದಾಗ ಹನಿಯ ಅಂಚು ಒಣಗುತ್ತಿತ್ತು.
ಒಂದು ಇನ್ನೂ ಬಳುಕುತ್ತಿತ್ತು,
ಗಾಜಿನಲ್ಲಿ ಅಂಗಾಲು ಹುಡುಕುತ್ತ.